ಫಕೀರೇಶನ ಫ್ರೇಮ್ ದಿಗ್ವಿಜಯ

ಕೃತಯುಗ ಕಳೆದು, ತ್ರೇತೆ ಕಳೆದು, ದ್ವಾಪರವೂ ಹೇಳದೆ ಕೇಳದೆ ಎದ್ದು ಹೋದ ಮೇಲೆ, ದಪ್ಪ ಟೈರಿನ, ಹಲವು ಗೇರಿನ, ಮಡ್‌ಗಾರ್ಡಿಲ್ಲದ ಗುಡ್ಡದ ಸೈಕಲ್ಲುಗಳು ಗದಗ-ಬೆಟಗೇರಿಯ ಬೀದಿಗಳಲ್ಲಿ ಸಿಂಹನಾದಗೈಯತೊಡಗಿದ ಈ ಘನಘೋರ ಕಲಿಯುಗದಲ್ಲಿ, ಎಲೈ ಧೂಳಿಧ್ವಜೆಯೇ, ಪಂಕ್ಚರ್‌ಪ್ರಿಯೆಯೇ, ದ್ವಿಚಕ್ರಕುಲಾಧಿದೇವತೆಯೇ, ಏಳು! ಚೈನಿಗೆರಡು ಹನಿ ಎಣ್ಣೆ ಬಿಟ್ಟುಕೊಂಡು ಬಂದು ಈ ನಾಲಿಗೆಯ ಮೇಲೆ ಕೂಡು. ಹಾಡಬೇಕಾದದ್ದು ಸಾಮಾನ್ಯ ಸಂಗತಿಯಲ್ಲ. ಸೈಕಲ್ ಫ್ರೇಮಿನ ಅಳತೆಗಾಗಿ ಒಬ್ಬ ವೀರನು ತನ್ನ ಮೀಸೆಯನ್ನೇ ಪಣಕ್ಕಿಟ್ಟ ಕಥೆ. ಕೇಳುವವರು ಎಲೆಯಡಿಕೆ ಉಗುಳಿ ಬನ್ನಿ, ನಡುವೆ ಏಳುವಂತಿಲ್ಲ.

ವೀರನ ಹೆಸರು ಫಕೀರೇಶ. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಮರುಜನ್ಮ ಕೊಡುವ ಈ ತಾಮ್ರತಂತುಚಕ್ರವರ್ತಿಗೆ ವಯಸ್ಸು ಇಪ್ಪತ್ತಾರು. ಎತ್ತರ ಮಾತ್ರ ಕೇಳಬೇಡಿ. ಕೇಳಿದವರ ಹಲ್ಲು ಎಣಿಸಿ ಕೈಗೆ ಕೊಡುವ ಅಭ್ಯಾಸ ಅವನಿಗಿತ್ತು. ಬ್ರಹ್ಮನು ಅವನನ್ನು ಮಾಡುವಾಗ ಇದ್ದ ಸಾಮಗ್ರಿಯನ್ನೆಲ್ಲ ಮೀಸೆಗೇ ಸುರಿದು, ಕಾಲಿನ ಪಾಳಿ ಬರುವಷ್ಟರಲ್ಲಿ ಕೈ ಝಾಡಿಸಿ ಎದ್ದನೆಂದು ಓಣಿಯ ಹೆಂಗಸರು ನಳದ ಹತ್ತಿರ ಆಡಿಕೊಳ್ಳುತ್ತಿದ್ದರು. ಆ ಮೀಸೆಯಾದರೋ ಉಭಯಕಪೋಲವಿಸ್ತೃತ, ನಿಂಬೆಹಣ್ಣನ್ನು ನಿಲ್ಲಿಸಿಕೊಂಡು ನಿದ್ದೆ ಹೋಗಬಲ್ಲ ಮೀಸೆ. ಅವನ ಸಿಟ್ಟು ಅವನಿಗಿಂತ ಒಂದು ಮೊಳ ಎತ್ತರ.

ಅವನಿಗೆ ಎದುರಾಳಿ ಸೋದರಮಾವನ ಮಗ ಚನ್ನವೀರ. ವಿದ್ಯುತ್‌ಸ್ತಂಭಸದೃಶಕಾಯ, ಒಣಹಾಕಿದ ಸೀರೆಗಳಿಗೆ ತಲೆ ತಾಗಿಸದೆ ಯಾವ ಓಣಿಯನ್ನೂ ದಾಟಲಾರದವ. ಕೊಕ್ಕರೆಯ ಕುತ್ತಿಗೆಯಂತೆ ಮೇಲೆದ್ದ ಸೀಟಿನ ತನ್ನ ಕೆಂಪು ಗುಡ್ಡದ ಸೈಕಲ್ಲೇರಿ ಅವನು ಬಂದರೆ, ಐರಾವತದ ಮೇಲೆ ಇಂದ್ರನೇ ಬಂದನೇನೋ ಎಂದು ನಾಯಿಗಳು ಸಹ ಎದ್ದು ದಾರಿ ಬಿಡುತ್ತಿದ್ದವು.

ಆ ದಿನ ಗಿರಮಿಟ್ ಅಂಗಡಿಯ ಮುಂದೆ, ಮಿರ್ಚಿ ಭಜಿಗಳು ಕಡಾಯಿಯೆಂಬ ಕಡಲಿನಲ್ಲಿ ತೇಲುತ್ತಿರಲು, ಚನ್ನವೀರನು ಒಂದು ಕಾಲನ್ನು ನೆಲಕ್ಕೂರಿ ಕೇಳಿದನು:

"ಏನ್ ಅಳಿಯಾ, ಐತವಾರ ನಾವೆಲ್ಲಾ ಸೈಕಲ್ ಮ್ಯಾಲ ಕಪ್ಪತಗುಡ್ಡಕ್ಕ ಹೊಂಟೇವಿ. ನೀನೂ ಬಾರಲೇ. ಮೂರ್ ಗಾಲೀದು ಸಿಗತೈತಿ, ಸಣ್ಣ ಹುಡುಗರದು. ಮುಂದ ಪೀಪಿ ಇರತೈತಿ!"

ನಕ್ಕರು. ಎಲ್ಲರೂ ನಕ್ಕರು. ಭಜಿ ಕರಿಯುವವನೂ ಝಾರೆ ಹಿಡಿದುಕೊಂಡೇ ನಕ್ಕನು. ಆಗ ಫಕೀರೇಶನ ಮೀಸೆಯ ಎರಡೂ ತುದಿಗಳು ಹಾವಿನ ಹೆಡೆಯಂತೆ ತಾವಾಗಿಯೇ ಎದ್ದು ನಿಂತವು. ಗಿರಮಿಟ್ಟಿನ ತಾಟನ್ನು ಧರೆಗಪ್ಪಳಿಸಿ, ಪಕ್ಕದ ಕಲ್ಲನ್ನೇರಿ, ಆ ವೀರನು ಗುಡುಗಿದನು:

"ಕೇಳಲೇ ಚನ್ನ್ಯಾ! ಈ ಒಲಿ ಬೆಂಕಿ ಸಾಕ್ಷಿ, ಈ ಕುದಿಯೋ ಎಣ್ಣಿ ಸಾಕ್ಷಿ! ಐತವಾರದೊಳಗ ನಿನ್ನ ಫ್ರೇಮಿಗಿಂತ ಒಂದ್ ಬೊಟ್ಟೂ ಸಣ್ಣದಲ್ಲದ ಫ್ರೇಮ್ ನಾ ತರಲಿಲ್ಲಂದ್ರ, ಈ ಮೀಸಿ ನೋಡು, ಇದನ್ನ ಇದ ಜಾಗಾದಾಗ ನಿನ್ನ ಕೈಲೆ ಬೋಳಿಸ್ಕೋತೇನಿ!"

"ಸಾಬಾಣ ನಂದು," ಎಂದನು ಚನ್ನವೀರ, ಗಲ್ಲಕ್ಕೆ ಸಾಬೂನಿನ ನೊರೆ ಹಚ್ಚುವವನಂತೆ ಕೈಯಾಡಿಸುತ್ತ.

ದಿಕ್ಕುಗಳು ನಡುಗಿದವು. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದು ಕ್ಷಣ ತಿರುಗುವುದನ್ನೇ ಮರೆತವು. ಒಂದು ಭಜಿ ಕರಕಲಾಯಿತು.

ಭಾನುವಾರದ ಗಡುವಿಗೆ ಒಂದೇ ದಿನ ಉಳಿದಿರಲು, ಶನಿವಾರ ಮಧ್ಯಾಹ್ನ ವೀರನು ರಾಚಪ್ಪನ ಸೈಕಲ್ ಅಂಗಡಿಗೆ ದಂಡೆತ್ತಿ ಹೋದನು. ಸಾರಥ್ಯಕ್ಕೆ ಅಜ್ಜಿ, ಅಂದರೆ ಆಯಿ ನೀಲಗಂಗವ್ವ. ಫಕೀರೇಶ ಮಗಳ ಮಗ, ಚನ್ನವೀರ ಮಗನ ಮಗ. ಒಂದೇ ಆಯಿಯ ಹಿಟ್ಟಿನಲ್ಲಿ ಒಂದು ರೊಟ್ಟಿ ಹರಡಿತ್ತು, ಒಂದು ಮುದುಡಿತ್ತು. ಈ ಮುದುಡಿದ ರೊಟ್ಟಿಯ ಮೇಲೆ ಆಯಿಗಿದ್ದ ಭರವಸೆ ಭಯಂಕರವಾದದ್ದು. "ಬೆಳೀತಾನ" ಎಂಬ ಒಂದೇ ಮಂತ್ರದಿಂದ ಆಕೆ ಅವನಿಗೆ ಹುಟ್ಟಿದಾಗಿನಿಂದ ಎಲ್ಲವನ್ನೂ ಒಂದು ಅಳತೆ ದೊಡ್ಡದೇ ಕೊಡಿಸಿದ್ದಳು. ಚಪ್ಪಲಿಯ ತುದಿಗೆ ಅರಿವೆ ತುರುಕಿ, ಅಂಗಿಯ ತೋಳು ಮೂರು ಮಡಿಕೆ ಮಡಚಿ, ಚಡ್ಡಿಗೆ ಉಡದಾರ ಬಿಗಿದು ಬೆಳೆದ ಆ ವೀರನು ಶಾಲೆಯನ್ನು ಬಿಟ್ಟನೇ ಹೊರತು, ಶಾಲೆಯ ಅಂಗಿ ಅವನಿಗೆ ಕೊನೆಗೂ ಸರಿಹೋಗಲಿಲ್ಲ.

ಅಂಗಡಿಯಲ್ಲಿದ್ದವು ಎರಡೇ ಗುಡ್ಡದ ಸೈಕಲ್ಲು. ಒಂದು ಹದಿನೈದು ಇಂಚಿನ ಫ್ರೇಮಿನದು, ನೀಲಿ. ಇನ್ನೊಂದು ಇಪ್ಪತ್ತೊಂದರದು, ಕರಿ. ಈ ಕರಿಯದು ಕೊಳ್ಳುವವರಿಲ್ಲದೆ ಸೂರಿಗೆ ತೂಗುಬಿದ್ದು, ಜೇಡಗಳ ಎಷ್ಟೋ ತಲೆಮಾರುಗಳಿಗೆ ತವರುಮನೆಯಾಗಿತ್ತು. ತೈಲಲಿಪ್ತಪಾಣಿಯಾದ ರಾಚಪ್ಪನು ಅದನ್ನಿಳಿಸಲು ಕೊಕ್ಕೆ ಹುಡುಕುತ್ತ ಒಳಗೆ ಹೋದ. ಆಯಿ ಅಡಿಕೆ ಕತ್ತರಿಸುತ್ತಿದ್ದಳು.

ಆ ಕಳ್ಳಗಳಿಗೆಯಲ್ಲಿ ಫಕೀರೇಶನು ಸುಮ್ಮನೆ, ನೋಡೋಣವೆಂದು, ಆ ನೀಲಿಯ ಮೇಲೆ ಕಾಲು ಹಾಕಿದನು. ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಿದವು. ಫ್ರೇಮಿನ ಮೇಲ್ಗಡೆಯ ಅಡ್ಡ ಬಾರಿಗೂ ಮೈಗೂ ನಡುವೆ ತಂಪಾಗಿ ಗಾಳಿಯಾಡಿತು. ಕೈ ಚಾಚಿದಲ್ಲಿಗೆ ಹ್ಯಾಂಡಲ್ ತಾನೇ ಬಂದು ಕೂತಿತು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಈ ಭೂಮಂಡಲದ ಒಂದು ವಸ್ತು ಅವನ ಅಳತೆಗಿತ್ತು. ಎದೆಯೊಳಗೆ ಏನೋ ಬೆಚ್ಚಗಾಯಿತು. ಮರುಕ್ಷಣವೇ ಚನ್ನವೀರನ ಮುಗಿಲುಮುಟ್ಟುವ ಸೀಟೂ ಪಣಕ್ಕಿಟ್ಟ ಮೀಸೆಯೂ ನೆನಪಾಗಿ, ಕದ್ದವನಂತೆ ಛಂಗನೆ ಹಾರಿ ಈಚೆ ನಿಂತನು.

"ಕರೀದ ಇಳಸು!" ಎಂದು ಗರ್ಜಿಸಿದನು.

"ಅಣ್ಣಾರ, ಅದು ಜರಾ ಎತ್ತರ…" ಎಂದ ರಾಚಪ್ಪ. ಆ ಮೀಸೆಯನ್ನು ನೋಡಿ, "ಅಷ್ಟ ಏನಿಲ್ಲ, ಸೀಟ್ ಇಳಿಸಿದ್ರ ಆತು" ಎಂದ.

"ತಗೋ ನನ್ನಪ್ಪಾ," ಎಂದಳು ಆಯಿ, "ಹೆಂಗೂ ಬೆಳೀತಿ."

ಏರಿದನು! ಕಲ್ಲಿನ ಮೆಟ್ಟಿಲ ಮೇಲಿಂದ ಆ ಕೃಷ್ಣವರ್ಣದ ಕಬ್ಬಿಣದ ಕುದುರೆಯನ್ನು ಏರಿದನು. ಆದರೆ ಸೀಟು ಎಷ್ಟು ಇಳಿದರೇನು, ಬಾರು ಇಳಿದೀತೇ? ಎರಡೂ ಕಾಲಿನ ಹೆಬ್ಬೆರಳುಗಳ ತುದಿ ಮಾತ್ರ ನೆಲವನ್ನು ಮುಟ್ಟಿದ್ದವು. ಉಳಿದ ದೇಹಭಾರವನ್ನೆಲ್ಲ ಆ ಅಡ್ಡ ಬಾರು, ಹೇಳಬಾರದ ಸ್ಥಳದಲ್ಲಿ, ಹೇಳಲಾರದ ರೀತಿಯಲ್ಲಿ ಹೊತ್ತಿತ್ತು. ಇನ್ನೂ ಹುಟ್ಟದ ಅವನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅಂತರಿಕ್ಷದಲ್ಲಿ ಒಕ್ಕೊರಲಿನಿಂದ "ಇಳಿಯಪ್ಪಾ" ಎಂದು ಮೊರೆಯಿಟ್ಟರು. ವೀರನು ಕಿವಿಗೊಡಲಿಲ್ಲ.

ಅಷ್ಟರಲ್ಲಿ ಬಂದನು ಚನ್ನವೀರ. ಕೆಂಪು ಸೈಕಲ್ಲನ್ನು ಸಾಲಿನಲ್ಲಿ ಒರಗಿಸಿ, ಜೇಬಿನಿಂದ ಸಾಬಾಣದ ಡಬ್ಬಿ ತೆಗೆದು ಮೂಸಿ ನೋಡಿದನು.

"ಅಬ್ಬಾ, ಏನ್ ಗತ್ತಲೇ ಅಳಿಯಾ! ಆರಾಮ ಐತೇನು?"

"ಭಾಳ ಆರಾಮ," ಎಂದನು ಫಕೀರೇಶ. ದನಿ ಎಂದಿಗಿಂತ ತುಸು ತೆಳ್ಳಗೆ ಬಂದಿತು.

"ಮತ್ತ ಕಣ್ಣಾಗ ನೀರು?"

"ಧೂಳಾ."

"ಇಳಿಯಲೇ, ಚಾ ಕುಡಿಯೂಣು."

"ಇಲ್ಲೇ ತಾ. ನಮ್ಮಂಥಾವ್ರು ಹತ್ತಿದ ಮ್ಯಾಲ ಇಳಿಯೂದಿಲ್ಲ."

ಇಳಿಯಲು ಅವನಿಗೆ ಆಗುತ್ತಿರಲಿಲ್ಲವೆಂಬುದು ಅವನಿಗೂ ಆ ಬಾರಿಗೂ ಮಾತ್ರ ಗೊತ್ತಿತ್ತು. ಚಹಾ ಬಂತು. ಅಂಗುಷ್ಠಾಗ್ರಸ್ಥಿತನಾಗಿ, ತಪೋನಿರತನಾದ ಋಷಿಯಂತೆ, ಮೀನಖಂಡಗಳು ತಂಬೂರಿಯ ತಂತಿಯಂತೆ ಮಿಡಿಯುತ್ತಿರಲು, ಅವನು ಚಹಾ ಹೀರಿದನು. ಬೀದಿಯಲ್ಲಿ ಜನ ಸೇರಿದರು. ಇಳಿದರೆ ಮೀಸೆ ಹೋಯಿತು. ಇಳಿಯದಿದ್ದರೆ ವಂಶವೇ ಹೋಯಿತು. ಇಂಥ ಧರ್ಮಸಂಕಟ ಕುರುಕ್ಷೇತ್ರದಲ್ಲೂ ಯಾರಿಗೂ ಬಂದಿರಲಿಲ್ಲ. ಅಲ್ಲಿ ಎಲ್ಲರೂ ರಥದಲ್ಲಿ ಕುಳಿತಿದ್ದರು.

ಕೊನೆಗೆ ತೀರ್ಪು ಕೊಟ್ಟದ್ದು ಎಡಗಾಲಿನ ಮೀನಖಂಡ. ಅದು ಹಿಡಿಯಿತು. ಬಟ್ಟಲು ಹಾರಿತು, "ಆಯೀ" ಎಂಬ ಆರ್ತನಾದ ಹೊರಟಿತು, ಬುಡ ಕಡಿದ ಬೇವಿನ ಮರದಂತೆ ಫಕೀರೇಶನು ಕುದುರೆಸಮೇತ ಎಡಕ್ಕೆ ಉರುಳಿದನು. ಕರಿಯದು ನೀಲಿಯ ಮೇಲೆ, ನೀಲಿ ಚನ್ನವೀರನ ಕೆಂಪಿನ ಮೇಲೆ ಬಿತ್ತು. ಇಡೀ ಸಾಲು ಗಂಟೆ ಬಾರಿಸುತ್ತ ಮಲಗಿತು. ಆ ರಭಸಕ್ಕೆ ಕೆಂಪು ಸೈಕಲ್ಲಿನ ಸೀಟು ತನ್ನ ಕೊಳವೆಯಿಂದ ಕಿತ್ತು, ಮೊಳದುದ್ದದ ಸರಳಿನೊಂದಿಗೆ, ಒರೆಯಿಂದ ಹಿರಿದ ಕತ್ತಿಯಂತೆ ಹೊರಬಂದು ಆಯಿಯ ಕಾಲ ಬಳಿ ಬಿತ್ತು.

ಧೂಳು ಇಳಿಯಿತು. ನೀಲಿ ಮತ್ತು ಕೆಂಪು ಒಂದಕ್ಕೊಂದು ಒತ್ತಿಕೊಂಡು ಅವಳಿ ಕೂಸುಗಳಂತೆ ಮಲಗಿದ್ದವು.

ಆಯಿ ಬಗ್ಗಿದಳು. ಕೆಂಪನ್ನು ಗೇಣು ಹಾಕಿ ಅಳೆದಳು, ನೀಲಿಯನ್ನು ಗೇಣು ಹಾಕಿ ಅಳೆದಳು.

"ಯಪ್ಪಾ ಚನ್ನಾ, ಇವು ಎರಡೂ ಒಂದ ಅದಾವಲೋ!"

ಕೆಂಪಿನ ಕೊಳವೆಯ ಮೇಲೆ, ಕೆಸರಿನಡಿಯಲ್ಲಿ, ಹದಿನೈದು ಎಂಬ ಅಂಕೆ ಮಿನುಗಿತು. ಚನ್ನವೀರನ ಮುಖ ಅವನ ಸೈಕಲ್ಲಿನ ಬಣ್ಣಕ್ಕೆ ತಿರುಗಿತು.

"ಆವಾಗ ಅಂಗಡ್ಯಾಗ ಅದ ಒಂದ ಇತ್ತಬೇ," ಎಂದನು, ಆ ಎತ್ತರದಿಂದ ಇಳಿದ ದನಿಯಲ್ಲಿ. "ಸೀಟ್ ಎತ್ತಿದ್ರ ಆತು ಅಂದ ರಾಚಪ್ಪಣ್ಣ. ತುಳೀವಾಗ ಮೊಣಕಾಲು ಹ್ಯಾಂಡಲಿಗೆ ಬಡಿದು ಬಡಿದು ಬಾತಾವು. ಯಾರ ಮುಂದ ಹೇಳ್ಲಿ?"

ರಾಚಪ್ಪನು ಪಂಪಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಬಹಳ ಆಸ್ಥೆಯಿಂದ ಪರೀಕ್ಷಿಸತೊಡಗಿದನು.

ಆಗ ಸೈಕಲ್ಲುಗಳ ರಾಶಿಯಡಿಯಿಂದ, ಮೊದಲು ಮೀಸೆ, ಆಮೇಲೆ ಫಕೀರೇಶ, ಎದ್ದು ಬಂದರು. "ಒಂದ್ ಬೊಟ್ಟೂ ಸಣ್ಣದಲ್ಲ!" ಎಂದು ಆ ಶ್ಮಶ್ರುವಿಜಯಿಯು ದಿಗಂತ ಬಿರಿಯುವಂತೆ ಕೂಗಿದನು. "ನೀಲೀದ ತಗೋತೇನಿ! ಹೋಗಲೇ ಚನ್ನ್ಯಾ, ಆ ಸಾಬಾಣದಿಂದ ಮಾರಿ ತೊಳಕೋ!" ಚನ್ನವೀರನೂ ನಕ್ಕುಬಿಟ್ಟನು. ನಕ್ಕು, ಕೆಳಗೆ ಬಿದ್ದ ಕರಿ ಸೈಕಲ್ಲಿನ ಮೇಲೆ ಸದ್ದಿಲ್ಲದೆ ಒಂದು ಕಾಲು ಹಾಕಿ ನೋಡಿದನು.

ಮೀಸೆ ಉಳಿಯಿತು, ಮಾತು ಉಳಿಯಿತು, ವಂಶವೂ ಉಳಿಯಿತು. ದೇವತೆಗಳು ಹೂಮಳೆಗರೆಯಲು ಬುಟ್ಟಿ ಎತ್ತಿದರು. ವೀರನು ನೀಲಿಯನ್ನೇರಿ, ಎರಡೂ ಪಾದಗಳನ್ನು ಭೂಮಿಗೂರಿ, ಕಪ್ಪತಗುಡ್ಡದ ಕಡೆ ನೋಡಿ ಮೀಸೆ ತಿರುವಿದನು.

ಆಯಿ ಸೈಕಲ್ಲನ್ನು ಒಂದು ಸುತ್ತು ಹಾಕಿ ಬಂದಳು. "ಎಲ್ಲಾ ಆತು," ಎಂದಳು. "ಕ್ಯಾರಿಯರ್ ಎಲ್ಲೈತಿ? ಸಂಜೀಕ ಜ್ವಾಳ ಬೀಸ್ಕೊಂಡ್ ಬರಬೇಕಲ್ಲ?"

ಕ್ಯಾರಿಯರ್ ಇರಲಿಲ್ಲ. ಗುಡ್ಡದ ಸೈಕಲ್ಲಿಗೆ ಅದು ಇರುವುದಿಲ್ಲ.

ಆ ಸಂಜೆ, ಅಡ್ಡ ಬಾರಿನ ಮೇಲೆ ಜೋಳದ ಚೀಲವನ್ನು ಅಡ್ಡಡ್ಡ ಮಲಗಿಸಿ, ಒಂದು ಕೈಯಿಂದ ಹ್ಯಾಂಡಲ್, ಇನ್ನೊಂದು ಕೈಯಿಂದ ಚೀಲ ಹಿಡಿದು, ಫಕೀರೇಶನು ಹಿಟ್ಟಿನ ಗಿರಣಿಯವರೆಗೆ ನಡೆದೇ ಹೋದನು, ಸೈಕಲ್ಲನ್ನು ತಳ್ಳಿಕೊಂಡು. ತಳ್ಳಿಕೊಂಡು ಹೋಗುವವನಿಗೆ ಫ್ರೇಮ್ ಯಾವ ಅಳತೆಯದಾದರೇನು.