ಬೆಲ್ಲ ತಿಂದ ಗೋಡೆ

ಹಳೇ ಕಟ್ಟಡದ ರಿಪೇರಿಗೆ ನಿಂತವನು ನಗು ಹುಡುಕಿಕೊಂಡು ಹೋಗಬೇಕಿಲ್ಲ; ಗೋಡೆ ಕೆರೆದ ಹಾಗೆಲ್ಲ ಅದೇ ಉದುರುತ್ತದೆ. ಚಾಮರಾಜನಗರದ ಕಡೆ ಮ್ಯೂಸಿಯಂ ಆಗಿದ್ದ ಹಳೇ ಬಂಗಲೆಯೊಂದನ್ನು ಸಿಮೆಂಟು ಮುಟ್ಟಿಸದೆ, ಹಿಂದಿನವರ ಹಾಗೆ ಸುಣ್ಣದ ಗಾರೆಯಲ್ಲೇ ದುರಸ್ತಿ ಮಾಡಿಸುವ ಕೆಲಸ ನನ್ನದಾಗಿತ್ತು. ಗಾರೆ ಬಲ್ಲವರೆಂದು ಸಿಕ್ಕಿದ್ದು ಹರದನಹಳ್ಳಿಯ ವಯಸ್ಸಾದ ಮೇಸ್ತ್ರಿಯೊಬ್ಬರು.

೧. ಯಾರ ಮದುವೆ

ಗಾರೆಗೆ ಬೆಲ್ಲದ ನೀರು ಬೇಕೆಂದರು ಮೇಸ್ತ್ರಿ. ಗುಂಡ್ಲುಪೇಟೆಗೆ ಹೋಗಿ ಅಂಗಡಿಯಲ್ಲಿ ಆರು ಮೂಟೆ ಬೆಲ್ಲ ಕೇಳಿದೆ.

"ಯಾರ ಮದ್ವೆ ಸಾ?" ಅಂದ ಅಂಗಡಿಯವನು.

"ಮದುವೆಗಲ್ಲಪ್ಪ, ಗೋಡೆಗೆ."

ಅವನು ತೂಗುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಮೂಟೆಗಳನ್ನೆಲ್ಲ ಗಾಡಿಗೆ ಹಾಕಿಸಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೋಡ್ಕಂಡು ಹಾಕಿ ಸಾ. ಗೋಡೆಗೂ ಶುಗರ್ ಬಂದ್ಬುಟ್ಟಾತು."

೨. ಒರಗಬೇಡಿ

ಉದ್ಘಾಟನೆಯ ದಿನ ನಿಗದಿಯಾಯಿತು. ಗೋಡೆ ಇನ್ನೂ ಹಸಿ. ಅಧಿಕಾರಿಯೊಬ್ಬರು ಬಂದು ಕೇಳಿದರು, "ಇದು ಪೂರ್ತಿ ಗಟ್ಟಿಯಾಗೋದು ಯಾವಾಗ?"

"ನಮ್ ಮೊಮ್ಮಕ್ಳ ಕಾಲಕ್ಕೆ ಸ್ವಾಮಿ," ಅಂದರು ಮೇಸ್ತ್ರಿ.

"ಸೋಮವಾರ ಉದ್ಘಾಟನೆ ರೀ. ಎಲ್ಲಾ ಕೆರೆದು ಸಿಮೆಂಟ್ ಹೊಡೆಸಿಬಿಡ್ತೀನಿ."

ಮೂರು ತಿಂಗಳ ಕೆಲಸ. ನಾನು ಗೋಡೆಗೆ ಅಡ್ಡ ನಿಂತೆ. ಮೇಸ್ತ್ರಿ ತಣ್ಣಗೆ, "ಉದ್ಘಾಟ್ನೆ ಮಾಡಿ ಸ್ವಾಮಿ. ಗೋಡೆಗೆ ಒರಗ್ಬ್ಯಾಡಿ, ಅಷ್ಟೆಯ," ಅಂದರು. ಅಧಿಕಾರಿ ಗೊಣಗುತ್ತ ಹೋದರು, ಗೋಡೆ ಉಳಿಯಿತು.

ಸೋಮವಾರ ಫೋಟೋಗೆ ನಿಂತು ಒರಗಿದ್ದು ಅವರೇ. ಕಪ್ಪು ಕೋಟಿನ ಬೆನ್ನೆಲ್ಲ ಬೆಳ್ಳಗಾಯಿತು, ಒರೆಸಿದಷ್ಟೂ ಹರಡಿತು. ಮೇಸ್ತ್ರಿ ಸಮಾಧಾನ ಮಾಡಿದರು: "ಬುಡಿ ಸ್ವಾಮಿ, ಕೋಟಲ್ಲಿ ಬೇಗ ಗಟ್ಟಿಯಾಯ್ತದೆ."

೩. ಗಾಜಿನೊಳಗಿನ ಕರಣೆ

ವಾರ ಕಳೆದು ಮೇಸ್ತ್ರಿ ಮತ್ತೆ ಬಂದರು. ಗಾರೆ ಬಳಿಯುವ ಅವರ ಕರಣೆ ಕಾಣೆಯಾಗಿತ್ತು. ಬೇರೆಯದು ಕೈಗೆ ಒಗ್ಗದೆ, ಉಡಿಗಾಲ ಎಂಬ ಊರಲ್ಲಿ ಒಪ್ಪಿಕೊಂಡಿದ್ದ ಕೆಲಸ ನಿಂತಿತ್ತು. ಇಬ್ಬರೂ ಹುಡುಕಿದೆವು. ಸಿಕ್ಕಿದ್ದು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಮಖಮಲ್ಲಿನ ಮೇಲೆ. ಕಿಟಕಿಯಲ್ಲಿ ಮರೆತು ಬಿಟ್ಟಿದ್ದನ್ನು ಯಾರೋ ಎತ್ತಿ, ನಂಬರು ಹಾಕಿ ಇಟ್ಟಿದ್ದರು.

"ಅದು ನಂದು ಕಣಪ್ಪ, ಕೊಡು," ಅಂದರು ಮೇಸ್ತ್ರಿ.

"ಮುಟ್ಟಂಗಿಲ್ಲ ಯಜಮಾನ್ರೆ, ರಿಜಿಸ್ಟರ್‌ಗೆ ಹತ್ಬುಟ್ಟದೆ," ಅಂದ ಅಲ್ಲಿನ ಅಟೆಂಡರ್.

ಮೇಸ್ತ್ರಿಗೆ ಓದು ಬಾರದು. "ಚೀಟೀಲಿ ಏನ್ ಬರ್ದವ್ರೆ ಸಾ?" ಎಂದು ನನ್ನನ್ನು ಕೇಳಿದರು.

ಓದಿದೆ: "ಗಾರೆ ಕೆಲಸದ ಕರಣೆ. ಸುಮಾರು ಇನ್ನೂರು ವರ್ಷ ಹಳೆಯದು."

ಮೇಸ್ತ್ರಿ ಚಾಚಿದ್ದ ಕೈ ಹಿಂದಕ್ಕೆ ತೆಗೆದು ನನ್ನ ಕಡೆ ತಿರುಗಿದರು.

"ಅಂಗಾದ್ರೆ ಕರಣೆ ಇಲ್ಲೇ ಇರ್ಲಿ. ಇದ ಬರ್ದೋರ ಕೈಲೇ ನನ್ ವಯಸ್ಸೂ ಒಸಿ ಬರ್ಸಿಕೊಡಿ ಸಾ. ಆಧಾರ್ ಕಾರ್ಡಲ್ಲಿ ಇನ್ನೂ ಐವತ್ತೆಂಟೇ ಅದೆ, ವೃದ್ಧಾಪ್ಯದ ಪಿಂಚಣಿ ಬತ್ತಿಲ್ಲ."