ನೆಲ ಸಿಗದ ಬಾಯ್ಲರ್

ತೈಸಿಯಾ: ನಿಮ್ಮಣ್ಣ ಇದ್ದಾಗ ಎಷ್ಟೋ ಚಳಿಗಾಲ ಉರಿದು ಮನೆ ಬೆಚ್ಚಗಿಟ್ಟ ಬಾಯ್ಲರ್, ನೀನು ಕೈಯಿಟ್ಟ ಮೇಲೆ ಯಾಕಪ್ಪಾ ಕೆಮ್ಮಿ ಕೆಮ್ಮಿ ಆರಿಹೋಗ್ತಿದೆ?

ಪ್ರೋಖೋರ್: ಅತ್ತಿಗೆ, ಇದು ಇಟಲಿ ಮಾಲು. ನಮ್ಮ ಚಳಿ ಕಂಡ್ರೆ ಇದಕ್ಕೆ ಭಯ.

ತೈಸಿಯಾ: ಚಳಿಗೆ ಹೆದರೋ ಬಾಯ್ಲರ್. ನಿನ್ನ ಮನೇಲಿ ಬೆಂಕಿಗೆ ಹೆದರೋ ಒಲೇನೂ ಇರಬೇಕು.

ಪ್ರೋಖೋರ್: ಅದಕ್ಕೇ ಹೇಳಿದ್ದು. ಪೈಪಿನ ನೀರೆಲ್ಲ ಖಾಲಿ ಮಾಡಿ, ಬೀಗ ಹಾಕಿ ನಮ್ಮನೆಗೆ ಬನ್ನಿ. ಹೊಲಿಗೆ ಯಂತ್ರದ ಪಕ್ಕ ಮಂಚ ಹಾಕಿದೀನಿ. ವಸಂತದವರೆಗೂ ಇರಿ.

ತೈಸಿಯಾ: ನಿನ್ನ ಹೆಂಡ್ತಿ ಗೊಣಗಾಟ ಕೇಳ್ಕೊಂಡು? ಇಲ್ಲೇ ಸೆಟೆದು ಸಾಯ್ತೀನಿ, ಅದೇ ವಾಸಿ.

ಮತ್ವೇಯ್ ತೀರಿಹೋದದ್ದು ಬೇಸಿಗೆಯ ಕೊನೆಗೆ. ಅವನ ಅಡುಗೆಮನೆಯಲ್ಲಿ ಅವನ ಹೆಂಡತಿಯೂ ತಮ್ಮನೂ ಜಗಳವಾಡುತ್ತಿದ್ದರು. ಅವನ ಗೆಳೆಯನಾದ ನಾನು, ಅವನ ಕುರ್ಚಿಯಲ್ಲಿ ಕೂರಲಾರದೆ ಕಿಟಕಿಯ ಬಳಿ ನಿಂತಿದ್ದೆ. ಬಾಯ್ಲರ್ ಮತ್ತೆ ಹೊತ್ತಿಕೊಂಡಿತು, ಮತ್ತೆ ಆರಿತು. ಹೊರಗೆ ವೋಲ್ಗಾ ನದಿಯ ದಂಡೆ ಹೆಪ್ಪುಗಟ್ಟುತ್ತಿತ್ತು. ಮನೆಯ ಪೈಪುಗಳ ಸರದಿ ಇನ್ನು ದೂರವಿರಲಿಲ್ಲ.

ನಾನು: ಪ್ರೋಖೋರ್, ಉರಿ ಹೊತ್ತಿದೆಯೋ ಇಲ್ವೋ ಅಂತ ಇದು ನೆಲಕ್ಕೆ ಹೋಗೋ ತಂತಿಯಿಂದ ತಿಳ್ಕೊಳ್ಳುತ್ತೆ. ನೆಲ ಸಿಗದಿದ್ರೆ ಉರಿಯೇ ಇಲ್ಲ ಅಂದ್ಕೊಂಡು ಗ್ಯಾಸ್ ನಿಲ್ಲಿಸುತ್ತೆ. ಅರ್ಥಿಂಗ್ ನೋಡಿದ್ಯಾ?

ಪ್ರೋಖೋರ್: ನೋಡೋದೇನು, ನಾನೇ ಕಟ್ಟಿದೀನಿ. ನೀರಿನ ಪೈಪಿಗೆ.

ತೈಸಿಯಾ: ಓ. ಬೆಳಿಗ್ಗೆ ನಲ್ಲಿ ಮುಟ್ಟಿದಾಗ ಕೈ ಜುಂ ಅಂದದ್ದು ನಿನ್ನ ಪ್ರೀತಿ ಅನ್ನು.

ನಾನು: ಈ ಮನೆ ಪೈಪೆಲ್ಲ ಪ್ಲಾಸ್ಟಿಕ್ ಆಗಿ ವರ್ಷಗಳಾಯ್ತು. ಉಳಿದಿರೋದು ಒಂದು ಗೇಣು ಕಬ್ಬಿಣ, ಅದರ ತುದೀಲಿ ನಲ್ಲಿ. ನೀನು ಬಾಯ್ಲರನ್ನ ನೆಲಕ್ಕಲ್ಲ, ಇವಳ ಕೈಗೆ ಕಟ್ಟಿದೀಯ.

ಪ್ರೋಖೋರ್: ಪುಸ್ತಕ ಓದಿದವರ ಮಾತು. ಒಳಗೆ ಪ್ಲಾಸ್ಟಿಕ್ ಇದೆ ಅಂತ ಕರೆಂಟಿಗೆ ಕಾಣುತ್ತಾ?

ತೈಸಿಯಾ: ಕಣ್ಣಿರೋ ನಿನಗೇ ಕಾಣಲಿಲ್ಲ.

ನಾನು: ಮತ್ವೇಯ್ ಹಿತ್ತಲಲ್ಲಿ ಉದ್ದುದ್ದ ಕಬ್ಬಿಣದ ಕಂಬಿ ನೆಲದಾಳಕ್ಕೆ ಹೊಡೆದು ಅದಕ್ಕೆ ತಂತಿ ಬೆಸೆದಿದ್ದ. ಅದನ್ನ ಯಾಕೆ ಬಿಟ್ಟೆ?

ಪ್ರೋಖೋರ್: ಅವು... ನೆಲದೊಳಗೆ ಸುಮ್ನೆ ಬಿದ್ದಿದ್ವು.

ತೈಸಿಯಾ: ಬಿದ್ದಿದ್ವಾ? ಅವನ್ನ ಹೊಡೆದು ನಿಮ್ಮಣ್ಣನಿಗೆ ವಾರವೆಲ್ಲ ಭುಜ ಎತ್ತೋಕಾಗಿರಲಿಲ್ಲ. ಎಲ್ಲಿವೆ ಈಗ?

ಪ್ರೋಖೋರ್: ಟ್ರ್ಯಾಕ್ಟರಿಗೆ ಕಟ್ಟಿ ಎಳೆದೆ. ನನಗೋಸ್ಕರ ಏನಲ್ಲ. ನಮ್ಮೂರಲ್ಲಿ ಬೇಲಿ ಇಲ್ಲದ ಗೋರಿ ಇದೆಯಾ? ಕತ್ತರಿಸಿ, ಬೆಸುಗೆ ಹಾಕಿ, ಅಣ್ಣನ ಗೋರಿಗೆ ಬೇಲಿ ಮಾಡಿ ನೀಲಿ ಬಣ್ಣ ಬಳಿದೆ. ಚೆನ್ನಾಗಿದೆ ಅಂತ ನೀವೇ ಅಂದ್ರಲ್ಲ.

ತೈಸಿಯಾ ಕುಳಿತುಬಿಟ್ಟಳು. ಆ ಬೇಲಿಯ ಮೇಲೆ ಕೈಯಿಟ್ಟು ನಾನೂ ಎಷ್ಟೋ ಹೊತ್ತು ನಿಂತಿದ್ದೆ. ಈ ಸುದ್ದಿಯನ್ನು ಓಡಿಹೋಗಿ ಒಬ್ಬನಿಗೆ ಹೇಳಬೇಕೆನಿಸಿತು. ಆ ಒಬ್ಬ ಮತ್ವೇಯ್.

ತೈಸಿಯಾ: ಅಂದ್ರೆ ಸತ್ತವನಿಗೆ ಅರ್ಥಿಂಗು, ಬದುಕಿರೋಳಿಗೆ ಶಾಕು.

ಪ್ರೋಖೋರ್: ಈಗಲೇ ಹೋಗಿ ಕಿತ್ತು ತರ್ತೀನಿ ಬೇಕಾದ್ರೆ.

ತೈಸಿಯಾ: ಅವನ ಬೇಲಿ ಮುಟ್ಟಿದ್ರೆ ಕೈ ಮುರೀತೀನಿ. ಬೇರೆ ಕಬ್ಬಿಣ ತಾ.

ಪ್ರೋಖೋರ್: ಎಲ್ಲಿಂದ ತರ್ಲಿ?

ನಾನು: ನಿನ್ನ ಶೆಡ್ಡಲ್ಲಿ ಹೊಸ ಕಂಬಿಗಳಿವೆಯಲ್ಲ, ಎಣ್ಣೆ ಸವರಿ ಒರಗಿಸಿಟ್ಟಿದೀಯ.

ಪ್ರೋಖೋರ್: ಅವು ಬೇರೆ ಕೆಲಸಕ್ಕೆ.

ತೈಸಿಯಾ: ಯಾವ ಕೆಲಸಕ್ಕೆ?

ಪ್ರೋಖೋರ್ ಬಾಯ್ಲರಿನ ಕಡೆ ತಿರುಗಿಕೊಂಡ.

ಪ್ರೋಖೋರ್: ನನ್ನ ಗೋರಿಯ ಬೇಲಿಗೆ.

ತೈಸಿಯಾ ಮೈದುನನನ್ನು ಯಾರೋ ಹೊರಗಿನವನಂತೆ ತಂದೆಯ ಹೆಸರು ಸೇರಿಸಿ, ಬಹುವಚನದಲ್ಲಿ ಕರೆದಳು.

ತೈಸಿಯಾ: ಅಣ್ಣನಿಗೆ ನೆಲದಿಂದ ಕಿತ್ತ ತುಕ್ಕು, ತನಗೆ ಎಣ್ಣೆ ಸವರಿದ್ದು. ಹೋಗಿ ತನ್ನಿ, ಪ್ರೋಖೋರ್ ಸವೀಚ್. ಕತ್ತಲಾಗೋದರೊಳಗೆ ಹಿತ್ತಲಲ್ಲಿ ಹೊಡೀರಿ. ನಿಮಗ್ಯಾಕೆ ಬೇಲಿ? ನಿಮ್ಮ ಗೋರಿ ಹತ್ತಿರ ಬರೋರಾದ್ರೂ ಯಾರು?