ಗುಮಾಸ್ತರ ಮೂಗು ಹೋದ ಕಥೆ

ಅಂಚೆ ಕಚೇರಿಯ ಗುಮಾಸ್ತರಿಗೆ ಬೇಕರಿಯವನನ್ನು ಕಂಡರೆ ಮೈಯೆಲ್ಲ ಉರಿ. ಅವನ ಬ್ರೆಡ್ಡು ಹಳಸಿದ್ದಕ್ಕಲ್ಲ, ತಮ್ಮ ಹೆಂಡತಿ ಅವನ ಮಾತನ್ನು ಎರಡು ಗಂಟೆ ಕೇಳಿದ್ದಕ್ಕೆ. ಅದೂ ತಮ್ಮದೇ ನಡುಮನೆಯಲ್ಲಿ, ತಮ್ಮದೇ ಕುರ್ಚಿಯಲ್ಲಿ ಅವನನ್ನು ಕೂರಿಸಿಕೊಂಡು!

ಹೆಂಡತಿ ಕಾಲೇಜಿನ ಉಪನ್ಯಾಸಕಿ. ಈಗ ಪಿಎಚ್‌ಡಿ ಮಾಡುತ್ತಿದ್ದಾಳೆ. ವಾಸನೆಯೇ ತಿಳಿಯದಂತಾದವರು ಹೇಗೆ ಬದುಕುತ್ತಾರೆ ಎಂಬುದು ಅವಳ ವಿಷಯ. ಎಷ್ಟು ಜನ, ಶೇಕಡಾ ಎಷ್ಟು ಎಂಬ ಗೊಡವೆಯಿಲ್ಲವಂತೆ. ಅನುಭವಿಸಿದವರ ಬಾಯಿಂದಲೇ ಅನುಭವ ಕೇಳಬೇಕು, ಕೇಳುವವರು ತಮ್ಮ ತೀರ್ಮಾನಗಳನ್ನೆಲ್ಲ ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಕೂರಬೇಕು, ನಡುವೆ ಬಾಯಿ ಹಾಕಬಾರದು. (ಬಾಯಿ ಹಾಕದೆ! ಇವಳು! ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಗುಮಾಸ್ತರ ಒಂದು ವಾಕ್ಯವೂ ಕ್ರಿಯಾಪದದವರೆಗೆ ತಲುಪಿದ್ದಿಲ್ಲ.)

"ಒಲೆಯಿಂದ ಬ್ರೆಡ್ ತೆಗೀತೀನಿ ಮೇಡಂ, ನನಗೆ ಅದು ಬರೀ ಬಿಸಿ ಇಟ್ಟಿಗೆ" ಎಂದು ವಾಸನೆ ಕಳೆದುಕೊಂಡಿದ್ದ ಬೇಕರಿಯವನು ಹೇಳಿದಾಗ ಅವಳ ಕಣ್ಣು ಒದ್ದೆಯಾಯಿತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಗುಮಾಸ್ತರ ಹೊಟ್ಟೆಗೆ ಕಿಚ್ಚು ಬಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಮರುವಾರ ಅವರಿಗೆ ನೆಗಡಿ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತೆಂದು ಗುಮಾಸ್ತರು ಘೋಷಿಸಿದರು.

"ಏನೂ ವಾಸನೆ ಬರ್ತಿಲ್ಲ ಕಣೇ."

"ನಿಜವಾಗ್ಲೂ?" ಅವಳು ರೆಕಾರ್ಡರ್ ತಂದು ಮುಂದಿಟ್ಟಳು. "ಹೇಳಿ, ಹೇಗನ್ನಿಸ್ತಿದೆ?"

ಪೂರ್ತಿ ಒಂದು ಗಂಟೆ! ಅಂಟು ಹಚ್ಚಿದ ಲಕೋಟೆ, ಹೊಸ ಅಂಚೆಚೀಟಿ, ಅವಳ ತಲೆದಿಂಬು, ಎಲ್ಲದರ ಪರಿಮಳ ಕಳೆದುಕೊಂಡ ಮಹಾಶೋಕವನ್ನು ಗುಮಾಸ್ತರು ತೋಡಿಕೊಂಡರು. ಅಷ್ಟರಲ್ಲಿ ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು. ಎದ್ದರೆ ಸುಳ್ಳು ಬಯಲು, ಕೂತರೆ ಪಾತ್ರೆ ಕರಕಲು. ಕೂತರು. ಅವಳೂ ಏಳಲಿಲ್ಲ.

ಸಂಜೆ ಅದೇ ಹಾಲಿನ ಕಾಫಿ ಬಂತು. "ಚೆಲ್ಲೋದ್ಯಾಕೆ? ನಿಮಗೆ ಹೇಗೂ ಗೊತ್ತಾಗಲ್ವಲ್ಲ." ಗುಮಾಸ್ತರು ಕಣ್ಣು ಮುಚ್ಚಿ ಕುಡಿದರು.

ನಾಲ್ಕನೆಯ ದಿನ ಬಚ್ಚಲ ಮೋರಿ ಕಟ್ಟಿಕೊಂಡಿತು. "ರಿಪೇರಿಯವನು ಮೂಗು ಮುಚ್ಕೊಂಡು ಓಡಿಹೋದ. ನಿಮಗಾದ್ರೆ ಏನೂ ತೊಂದ್ರೆ ಇಲ್ಲ" ಎಂದು ಅವಳು ಕೋಲು ಕೊಟ್ಟು ನಡೆದಳು. ನಡುಮನೆಯಲ್ಲಿ ಬೇಕರಿಯವನು ಎರಡನೇ ಸುತ್ತಿನ ಮಾತಿಗೆ ಬಂದು ಕೂತಿದ್ದ.

ಮೊಣಕೈವರೆಗೆ ಮೋರಿಯಲ್ಲಿದ್ದ ಗುಮಾಸ್ತರಿಗೆ ಒಳಗಿನ ನಗು ಕೇಳಿಸಿತು. ಇನ್ನು ತಡೆಯಲಾಗಲಿಲ್ಲ.

"ಬರ್ತಿದೆ ಕಣೇ! ಎಲ್ಲಾ ವಾಸನೆ ಬರ್ತಿದೆ! ಯಾವತ್ತೂ ಹೋಗಿರ್ಲೇ ಇಲ್ಲ! ನನ್ನ ಮಾತೂ ಕೇಳ್ಲಿ ಅಂತ ಹೊಟ್ಟೆಕಿಚ್ಚಿಗೆ ಹಾಗಂದೆ!"

ಅವಳು ಬಚ್ಚಲ ಬಾಗಿಲಿಗೆ ಬಂದಳು. "ಗೊತ್ತು. ಹಾಲು ಸೀದಾಗ ನಿಮ್ಮ ಮೂಗು ಮೊಲದ ಮೂಗಿನ ಹಾಗೆ ಕುಣೀತಿತ್ತು."

"ಮತ್ಯಾಕೆ ಸುಮ್ನೆ ಕೂತು ಕೇಳ್ದೆ?"

"ಎಷ್ಟು ಚೆನ್ನಾಗಿ ಹೇಳ್ತಿದ್ರಿ! ಇಷ್ಟು ವರ್ಷ ಉಪ್ಪು ಕಮ್ಮಿ, ಖಾರ ಜಾಸ್ತಿ ಅನ್ನೋದು ಬಿಟ್ರೆ ಬೇರೆ ಏನು ಹೇಳಿದ್ರಿ ನೀವು?"

ಗುಮಾಸ್ತರು ಕರಗಿಹೋದರು. ಕೋಲು ಕೆಳಗಿಟ್ಟು ಏಳಹೊರಟರು.

"ಎಲ್ಲಿಗೆ? ಮೋರಿ ಮಾತ್ರ ನಿಜವಾಗ್ಲೂ ಕಟ್ಟಿದೆ ರೀ" ಎಂದು ಹೇಳಿ, ಅವಳು ಬೇಕರಿಯವನ ಉಳಿದರ್ಧ ಮಾತು ಕೇಳಲು ಒಳಗೆ ಹೋದಳು.